ಸೆಮಿನರಿಯಲ್ಲಿ ಅಪ್ಪನ ಶನಿವಾರಗಳು

ನಮ್ಮಪ್ಪ ಗೋವಾದ ಸಾವರ್ಡೆಯ ಒಂದು ಸಣ್ಣ ಮಸೀದಿಯ ಇಮಾಮರು. ಐದು ಹೊತ್ತಿನ ನಮಾಜು ಮಾಡಿಸುವುದು, ಮಕ್ಕಳಿಗೆ ಅರಬ್ಬಿ ಓದಿಸುವುದು, ನಿಕಾಹ್ ಓದುವುದು, ಯಾರಾದರೂ ತೀರಿಕೊಂಡರೆ ಜನಾಜಾ ನಮಾಜಿಗೆ ಮುಂದೆ ನಿಲ್ಲುವುದು ಅವರ ಕೆಲಸ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಅವರು ಗಣಿಯ ಅದಿರು ಸಾಗಿಸುವ ಟಿಪ್ಪರ್ ಓಡಿಸಿದವರು. ವಿಜಯಪುರದ ಮದರಸಾದಲ್ಲಿ ಓದಿದ್ದರೂ ಹೊಟ್ಟೆಪಾಡಿಗೆ ಗೋವಾಕ್ಕೆ ಬಂದಾಗ ಮೊದಲು ಕೈಗೆ ಸಿಕ್ಕದ್ದು ಸ್ಟೇರಿಂಗು. ಗಣಿಗಳು ನಿಂತು ಟಿಪ್ಪರುಗಳೆಲ್ಲ ರಸ್ತೆಬದಿಯಲ್ಲಿ ತುಕ್ಕು ಹಿಡಿಯತೊಡಗಿದ ಮೇಲೆ ಮಸೀದಿಯ ಕಮಿಟಿಯವರು ಅವರನ್ನು ಕರೆದು ಇಮಾಮತಿ ಒಪ್ಪಿಸಿದರು. ನಮ್ಮದು ಹತ್ತಿ ಹಿಂಜುವವರ ಮನೆತನ. ಮನೆಯ ಮಾತು ಕನ್ನಡ. ನಾನು ಅವರಿಗೆ ಉಳಿದ ಒಬ್ಬಳೇ ಮಗಳು, ಇಲ್ಲಿಯದೇ ಒಂದು ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತೇನೆ.

ಮೂರು ವರ್ಷದ ಹಿಂದೆ, ಮಳೆಗಾಲ ಮುಗಿಯುತ್ತ ಬಂದಾಗ, ಮಸೀದಿಯ ವಿಳಾಸಕ್ಕೆ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಕಮಿಟಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಅಪ್ಪನ ಕೈಗೆ ಕೊಟ್ಟರು. ಅಪ್ಪ ಜುಬ್ಬಾದ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದರು.

ನಾನು ಎರಡು ಸಲ ಓದಿದೆ. ಹಳೇ ಗೋವಾದ ಕಡೆ ಗುಡ್ಡದ ಮೇಲಿನ ಒಂದು ಸೆಮಿನರಿಯಿಂದ ಬಂದ ಪತ್ರ ಅದು. ಕ್ಯಾಥೊಲಿಕ್ ಪಾದ್ರಿಗಳಾಗುವವರು ವರ್ಷಗಟ್ಟಲೆ ಇದ್ದು ಓದುವ ಜಾಗ. ರೋಗಿಗಳ ಹತ್ತಿರ, ಸಾವಾದ ಮನೆಯವರ ಹತ್ತಿರ ಹೇಗೆ ಕುಳಿತುಕೊಳ್ಳಬೇಕು ಎಂಬುದನ್ನು ಅವರು ತಮ್ಮ ವಿದ್ಯಾರ್ಥಿಗಳಿಗೆ ಮೊದಲಿನಿಂದಲೂ ಕಲಿಸುತ್ತ ಬಂದಿದ್ದಾರೆ. ಆದರೆ ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲ ಧರ್ಮದವರೂ ಮಲಗಿರುತ್ತಾರಲ್ಲ, ಅವರವರಿಗೆ ಅವರವರ ಗುರುಗಳೇ ಬೇಕಾಗುತ್ತಾರಲ್ಲ, ಆದ್ದರಿಂದ ಬೇರೆ ಧರ್ಮಗಳ ಗುರುಗಳಿಗೂ ಆ ವಿದ್ಯೆ ಕಲಿಸಲು ಒಂದು ವರ್ಷದ ತರಗತಿ ನಡೆಸುತ್ತೇವೆ, ಪ್ರತಿ ಶನಿವಾರ ಬನ್ನಿ ಎಂದು ಅದರಲ್ಲಿ ಬರೆದಿತ್ತು.

"ಅಂದ್ರ ಪಾದ್ರಿಗೋಳು ಮೌಲಾನಾಗ ಕಲಸ್ತಾರ?" ಎಂದು ಅಪ್ಪ ಕೇಳಿದರು.

"ಹೌದ್ರಿ ಅಪ್ಪಾ. ಗುಡಿ ಭಟ್ಟರನ್ನೂ ಕರ್ದಾರ."

ಅಪ್ಪ ಪತ್ರ ಮಡಚಿಟ್ಟರು. ಎರಡು ದಿನ ಆ ಮಾತೇ ಎತ್ತಲಿಲ್ಲ. ಮೂರನೆಯ ದಿನ ಬೆಳಗಿನ ನಮಾಜು ಮುಗಿಸಿ ಬಂದು, ಚಹಾ ಕುಡಿಯುತ್ತ, ಶನಿವಾರ ನಿನಗೆ ಶಾಲೆ ಇಲ್ಲ ಅಲ್ಲವಾ ಎಂದು ಕೇಳಿದರು. ನನಗೆ ಅರ್ಥವಾಯಿತು. ಅಲ್ಲಿಯ ಪಾಠ ಇಂಗ್ಲಿಷಿನಲ್ಲಿ. ಅಪ್ಪನಿಗೆ ಹಿಂದಿ ಬರುತ್ತದೆ, ಆದರೆ ಅದು ಡೀಸೆಲ್ಲು, ಟೈರು, ಟ್ರಿಪ್ಪುಗಳಿಗೆ ಸಾಲುವ ಹಿಂದಿ. ಕೊಂಕಣಿ ಸಂತೆಗೆ ಸಾಲುವಷ್ಟು. ಮನಸ್ಸಿನೊಳಗಿನದನ್ನು ಹೇಳುವುದಕ್ಕೆ ಅವರಿಗೆ ಇರುವುದು ಕನ್ನಡವೊಂದೇ.

ಕಮಿಟಿಯಲ್ಲಿ ಸ್ವಲ್ಪ ಚರ್ಚೆಯಾಯಿತು. ಹಿರಿಯರೊಬ್ಬರು, ಅರ್ಧ ಚೇಷ್ಟೆ ಅರ್ಧ ಕಾಳಜಿಯಿಂದ, ಮೌಲಾನಾ ಅಲ್ಲೇ ಉಳಿದುಬಿಟ್ಟರೆ ನಮಗೆ ನಮಾಜು ಮಾಡಿಸುವವರು ಯಾರು ಎಂದರಂತೆ. ಅಪ್ಪ ಅವರಿಗೆ ಕೊಟ್ಟ ಉತ್ತರವನ್ನು ಆಮೇಲೆ ಮನೆಯಲ್ಲಿ ಅವ್ವನ ಮುಂದೆ ಇನ್ನೊಮ್ಮೆ ಹೇಳಿದ್ದನ್ನು ನಾನೇ ಕೇಳಿದೆ. "ಇಪ್ಪತ್ತು ವರ್ಷ ಈ ಊರಿನ ರಸ್ತೆದಾಗ ಗಾಡಿ ಹೊಡದೇನಿ. ವಾರದಾಗ ಒಂದು ದಿವ್ಸದ ಪಾಠಕ್ಕ ನನ್ನ ಈಮಾನು ಅಲಗ್ಯಾಡೂದಾದ್ರ ಅದು ಇದ್ದರೂ ಅಷ್ಟ, ಬಿಟ್ಟರೂ ಅಷ್ಟ." ಅವ್ವ ರೊಟ್ಟಿ ಬಡಿಯುತ್ತಿದ್ದಳು. ಶನಿವಾರ ನಿಮಗೆ ಬುತ್ತಿ ಕಟ್ಟಬೇಕಾ ಎಂದಷ್ಟೇ ಕೇಳಿದಳು.

ಹೀಗೆ ನಾವಿಬ್ಬರೂ ಸಾವರ್ಡೆಯಿಂದ ಫೋಂಡಾಕ್ಕೆ, ಫೋಂಡಾದಿಂದ ಪಣಜಿ ಬಸ್ಸು ಹಿಡಿದು ಹೋಗತೊಡಗಿದೆವು. ಬಸ್ಸು ಇಳಿದ ಮೇಲೆ ಗುಡ್ಡ ಹತ್ತಬೇಕು. ಮೊದಲ ದಿನ ಅಪ್ಪ ಗೇಟಿನ ಹೊರಗೆ ನಿಂತು ಟೋಪಿ ಸರಿಮಾಡಿಕೊಂಡರು, ಮತ್ತೆ ತೆಗೆದರು, ಮತ್ತೆ ಹಾಕಿಕೊಂಡರು. ನಾನು ನೋಡದವಳಂತೆ ಮುಂದೆ ನಡೆದೆ.

ತರಗತಿಯಲ್ಲಿ ಆರು ಜನ ಇದ್ದರು. ಫೋಂಡಾ ಕಡೆಯ ದೇವಸ್ಥಾನಗಳ ಇಬ್ಬರು ಭಟ್ಟರು, ಗುರುದ್ವಾರದಲ್ಲಿ ಗ್ರಂಥ ಓದುವ ಒಬ್ಬ ಗ್ರಂಥಿ, ಒಬ್ಬ ಬೌದ್ಧ ಭಿಕ್ಷು, ಮಡಗಾಂವ ಕಡೆಯ ಇನ್ನೊಬ್ಬ ಮೌಲಾನಾ ಮತ್ತು ನಮ್ಮಪ್ಪ. ಆ ಇನ್ನೊಬ್ಬ ಮೌಲಾನಾ ಮೂರನೇ ವಾರಕ್ಕೇ ಬರುವುದು ನಿಲ್ಲಿಸಿದರು. ಅವರ ಕಮಿಟಿ ಒಪ್ಪಲಿಲ್ಲವಂತೆ. ಪಾಠ ಮಾಡುವವರು ಒಬ್ಬ ವಯಸ್ಸಾದ ಫಾದರ್. ತೋಳು ಮಡಚಿದ ಅಂಗಿ, ರಬ್ಬರಿನ ಚಪ್ಪಲಿ. ಮಂಡಿನೋವಿನಿಂದ ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿದ್ದರು. ಬಹಳ ವರ್ಷ ಆಸ್ಪತ್ರೆಯ ವಾರ್ಡುಗಳಲ್ಲೇ ಕಳೆದವರು.

ಪರಿಚಯ ಮುಗಿಯುತ್ತಲೇ ಅಪ್ಪ ನನ್ನಿಂದ ನೇರವಾಗಿ ಒಂದು ಪ್ರಶ್ನೆ ಕೇಳಿಸಿದರು. ನನ್ನನ್ನು ನೀವು ಏನು ಮಾಡಬೇಕೆಂದಿದ್ದೀರಿ? ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಇಂಗ್ಲಿಷಿಗೆ ತರೋಣವೆಂದು ನೋಡಿದೆ, ಆಗಲಿಲ್ಲ, ಹಾಗೆಯೇ ಕೇಳಿದೆ. ಫಾದರ್ ನಗಲಿಲ್ಲ. ನಿಮ್ಮನ್ನು ನಾನು ಬದಲಾಯಿಸಿದರೆ ನನ್ನ ಕೆಲಸವೇ ಕೆಡುತ್ತದೆ, ಅಲ್ಲಿ ಮಲಗಿರುವ ಮುಸಲ್ಮಾನನಿಗೆ ಬೇಕಾಗಿರುವುದು ಅವನ ಮೌಲಾನಾ, ಅರ್ಧ ಪಾದ್ರಿಯಾದ ಮೌಲಾನಾ ಅಲ್ಲ ಎಂದರು. ನಾನು ಕನ್ನಡದಲ್ಲಿ ಹೇಳಿದಾಗ ಅಪ್ಪ ತಲೆಯಾಡಿಸಿ ಚೀಲದಿಂದ ನೋಟುಬುಕ್ಕು ತೆಗೆದರು.

ಮಧ್ಯಾಹ್ನದ ನಮಾಜಿಗೆ ಅವರು ಓದುವ ಕೋಣೆಯೊಂದನ್ನು ಬಿಟ್ಟುಕೊಟ್ಟರು. ಒಬ್ಬ ವಿದ್ಯಾರ್ಥಿ ಓಡಿಬಂದು ಗೋಡೆಯ ಮೇಲಿನ ಶಿಲುಬೆಯನ್ನು ಇಳಿಸಲು ಸ್ಟೂಲು ಹತ್ತಿದ. ಅಪ್ಪ ಕೈಮಾಡಿ ತಡೆದರು. ಅದು ಪೂರ್ವದ ಗೋಡೆ, ನಾನು ನಿಲ್ಲುವುದು ಪಶ್ಚಿಮಕ್ಕೆ, ಅದರ ಪಾಡಿಗೆ ಅದು ಇರಲಿ ಎಂದರು. ಆಮೇಲೆ ವರ್ಷಪೂರ್ತಿ ಅದು ಅಲ್ಲೇ ಇತ್ತು, ಅಪ್ಪನೂ ಅಲ್ಲೇ ನಮಾಜು ಮಾಡಿದರು.

ಫಾದರ್ ನನಗೂ ಒಂದು ನಿಯಮ ಹೇಳಿದ್ದರು. ಭಾಷಾಂತರ ಮಾಡುವಾಗ 'ನಮ್ಮ ತಂದೆ ಹೀಗೆ ಹೇಳುತ್ತಿದ್ದಾರೆ' ಎನ್ನಬಾರದು. ಅವರು 'ನಾನು' ಎಂದರೆ ನೀನೂ 'ನಾನು' ಎಂದೇ ಹೇಳಬೇಕು. ಇಲ್ಲದಿದ್ದರೆ ಕೇಳುವವರು ನಿನ್ನ ಮುಖ ನೋಡುತ್ತಾರೆ, ಅವರ ಮುಖ ನೋಡುವುದಿಲ್ಲ. ಮೊದಮೊದಲು ಅದು ನಾಟಕದಂತೆ ಅನಿಸುತ್ತಿತ್ತು. "ನಾನು ಇಪ್ಪತ್ತು ವರ್ಷ ಟಿಪ್ಪರ್ ಓಡಿಸಿದೆ" ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಕಿರಿಯ ಭಟ್ಟರು ನಕ್ಕೇಬಿಟ್ಟರು.

ಎರಡನೇ ತಿಂಗಳಿಂದ ಆಸ್ಪತ್ರೆಗೆ ಹೋಗುವುದು ಶುರುವಾಯಿತು. ಒಬ್ಬ ರೋಗಿಯ ಹತ್ತಿರ ಅರ್ಧ ತಾಸು ಕುಳಿತು ಮಾತಾಡಬೇಕು, ಹೊರಗೆ ಬಂದ ಕೂಡಲೇ ಅವರೇನು ಅಂದರು, ನಾವೇನು ಅಂದೆವು, ಎಲ್ಲವನ್ನೂ ಸಾಲುಸಾಲಾಗಿ ಬರೆಯಬೇಕು. ಅಪ್ಪನಿಗೆ ಸಿಕ್ಕಿದ್ದು ಬಾಗಲಕೋಟೆ ಕಡೆಯ ಒಬ್ಬ ಗೌಂಡಿ. ಪರ್ವರಿಯ ಕಟ್ಟಡವೊಂದರಲ್ಲಿ ಕೆಲಸ ಮಾಡುವಾಗ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವನು ಹಿಂದೂ, ಆದರೆ ವಾರ್ಡಿನಲ್ಲಿ ಕನ್ನಡ ಮಾತಾಡುವ ಯಾರಾದರೂ ಬರಲಿ ಎಂದು ಕೇಳಿದ್ದನಂತೆ. ಅಪ್ಪ ಅವನಿಗೆ ಧೈರ್ಯ ಹೇಳಿದರು. ದೇವರು ದೊಡ್ಡವನು ಎಂದರು. ತಮಗೆ ಗೊತ್ತಿದ್ದ ಒಬ್ಬ ಡ್ರೈವರ್ ಇದಕ್ಕಿಂತ ಕೆಟ್ಟದಾಗಿ ಬಿದ್ದು ಎದ್ದು ಓಡಾಡಿದ ಕಥೆ ಹೇಳಿದರು. ನಾನು ಅದನ್ನೆಲ್ಲ ಬರೆದುಕೊಂಡು ತರಗತಿಯಲ್ಲಿ ಓದಿದೆ.

ಫಾದರ್ ಏನೂ ಟೀಕೆ ಮಾಡಲಿಲ್ಲ. ಸಾಲುಗಳನ್ನು ಎಣಿಸು ಎಂದರು. ಗೌಂಡಿ ಮಾತಾಡಿದ್ದು ನಾಲ್ಕು ಸಾಲು. ಅಪ್ಪ ಮಾತಾಡಿದ್ದು ಮೂವತ್ತೊಂದು.

ಎಲ್ಲರಿಗಿಂತ ಮೊದಲು ನಕ್ಕವರು ಅಪ್ಪ. ನಗು ನಿಂತ ಮೇಲೆ, ಆ ನಾಲ್ಕು ಸಾಲಿನಲ್ಲಿ ಅವನು ಏನು ಹೇಳಿದ್ದ, ಇನ್ನೊಮ್ಮೆ ಓದು ಎಂದು ನನಗೆ ಹೇಳಿದರು. ಮೂರನೆಯ ಸಾಲಿನಲ್ಲಿ ಅವನು, ನನ್ನ ಹೆಂಡತಿಗೆ ಇನ್ನೂ ಯಾರೂ ಹೇಳಿಲ್ಲ ಎಂದಿದ್ದ. ಅಪ್ಪ ಅದರ ಮೇಲೆಯೇ ಡ್ರೈವರನ ಕಥೆ ಶುರುಮಾಡಿದ್ದರು. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಕಿಟಕಿಯ ಕಡೆ ಮುಖ ಮಾಡಿ, ಅವ ಹೇಳಾಕ ಹತ್ತಿದ್ದ, ನನಗ ಕೇಳಸಲೇ ಇಲ್ಲ ಎಂದು ಎರಡು ಮೂರು ಸಲ ತಮ್ಮಷ್ಟಕ್ಕೆ ಅಂದುಕೊಂಡರು. ಮರುವಾರ ತರಗತಿಗಿಂತ ಮುಂಚೆಯೇ ಆಸ್ಪತ್ರೆಗೆ ಹೋಗಿ ಗೌಂಡಿಯ ಹತ್ತಿರ ಕುಳಿತು, ಅವನು ಕೇಳಿದಂತೆ ಅವನ ಊರಿಗೆ ಫೋನು ಹಚ್ಚಿ ಕಿವಿಗೆ ಹಿಡಿದರು. ಹೆಂಡತಿಯ ಹತ್ತಿರ ಅವನೇ ಮಾತಾಡಿದ. ಅಪ್ಪ ಫೋನು ಹಿಡಿದುಕೊಂಡು ಸುಮ್ಮನೆ ನಿಂತಿದ್ದರು.

ಆಮೇಲಿನದು ಬೇಸಿಗೆಯ ಒಂದು ಶನಿವಾರ. ಫಾದರ್ ಅಂದು ಎಲ್ಲರನ್ನೂ ವರ್ತುಲವಾಗಿ ಕೂರಿಸಿ, ಸಾವಿನ ಮನೆಯೊಂದರಲ್ಲಿ ನಿಮಗೆ ಮಾಡಲಾಗದೆ ಹೋದದ್ದನ್ನು ಹೇಳಿ, ಹೇಳಲು ಮನಸ್ಸಿಲ್ಲದವರು ಹೇಳಬೇಕಾಗಿಲ್ಲ ಎಂದರು. ತಾವೇ ಮೊದಲು ಹೇಳಿದರು. ಹಿರಿಯ ಭಟ್ಟರು ಹೇಳಿದರು. ಅಪ್ಪನ ಸರದಿ ಬಂದಾಗ ಅವರು ನೋಟುಬುಕ್ಕು ಮುಚ್ಚಿ ಚೀಲಕ್ಕೆ ಹಾಕಿದರು. ಮನಸ್ಸಿಲ್ಲದಿರಬಹುದು ಎಂದುಕೊಂಡು ನಾನು ನೀರು ಕುಡಿಯಲು ಎದ್ದೆ. ಆಗ ಅವರು ಶುರುಮಾಡಿದರು.

"ನನಗೊಬ್ಬ ಮಗ ಇದ್ದ. ಅವಗ ಮೂರು ವರ್ಷ."

ನನ್ನ ತಮ್ಮ. ಅವನು ಹೋದಾಗ ನನಗೆ ಏಳು ವರ್ಷ. ಅವನ ಹಳದಿ ಅಂಗಿಯೊಂದು, ಅವನು ನನ್ನ ಸ್ಲೇಟು ನೆಕ್ಕುತ್ತಿದ್ದುದು, ಇಷ್ಟು ಬಿಟ್ಟು ಹೆಚ್ಚೇನೂ ನೆನಪಿಲ್ಲ. ಮನೆಯಲ್ಲಿ ಅವನ ಮಾತು ಬರುತ್ತಿರಲಿಲ್ಲ. ನಾನು ಕುಳಿತೆ. ಇಂಗ್ಲಿಷಿನಲ್ಲಿ, ನನಗೊಬ್ಬ ಮಗ ಇದ್ದ, ಅವನಿಗೆ ಮೂರು ವರ್ಷ ಎಂದು ಹೇಳಿದೆ.

ಫಾದರ್ ನನ್ನ ಕಡೆ ನೋಡಿ, ನಿನಗೆ ಆಗದಿದ್ದರೆ ನಿಲ್ಲಿಸಬಹುದು, ನಾವು ಬೇರೆ ಯಾರನ್ನಾದರೂ ಹುಡುಕುತ್ತೇವೆ ಎಂದರು. ಬೇಡ, ನಾನೇ ಹೇಳುತ್ತೇನೆ ಎಂದೆ.

ಅಪ್ಪ ಹೇಳುತ್ತ ಹೋದರು. ಎರಡು ದಿನದ ಜ್ವರ. ಔಷಧಿ ನಡೆದಿತ್ತು. ಬೆಳಗಾದ ಮೇಲೆ ದೊಡ್ಡ ಆಸ್ಪತ್ರೆಗೆ ಒಯ್ಯಲು ಗಾಡಿಗೆ ಹೇಳಿದ್ದರು. ಆಗ ನಮ್ಮ ಚಾಳಿನ ನಳಕ್ಕೆ ನಸುಕಿನಲ್ಲಿ ಅರ್ಧ ತಾಸು ಮಾತ್ರ ನೀರು ಬರುತ್ತಿತ್ತು. ಅವ್ವ ಹೋಗಲು ಒಲ್ಲೆ ಎಂದಳಂತೆ, ಅಪ್ಪನೇ ಹೋಗು, ನಾನಿದ್ದೇನೆ ಎಂದು ಕಳಿಸಿದರಂತೆ. ಅವಳು ಕೊಡ ತುಂಬಿಸಿ ಬರುವಷ್ಟರಲ್ಲಿ ಮಗು ಹೋಗಿತ್ತು. ಹೋಗುವ ಮುಂಚೆ ಒಮ್ಮೆ ಕಣ್ಣು ತೆರೆದು "ಅವ್ವ ಎಲ್ಲಿ?" ಎಂದು ಕೇಳಿತ್ತು. ಬರ್ತಾಳ ಎಂದು ಅಪ್ಪ ಹೇಳಿದ್ದರು.

ಮಣ್ಣು ಮಾಡಿ ಬಂದ ದಿನ ಅವ್ವ ಒಂದೇ ಒಂದು ಮಾತು ಕೇಳಿದಳು. ಅವನು ಕೊನೆಗೆ ಏನಾದರೂ ಅಂದನಾ? ಅಪ್ಪ, ಇಲ್ಲ, ಅಲ್ಲಾಹನ ಮರ್ಜಿ, ಸಬರ್ ಮಾಡು, ತಾಳಿಕೋ ಎಂದರು. ಇದ್ದದ್ದನ್ನು ಹೇಳಿದರೆ ಅವಳ ಎದೆ ಒಡೆದುಹೋಗುತ್ತದೆ ಎಂದು ಹೆದರಿದರು. ನಾಲ್ಕನೇ ದಿನ ಟಿಪ್ಪರ್ ಹತ್ತಿದರು. ಅವಳು ಆಮೇಲೆ ಕೇಳಲಿಲ್ಲ, ಇವರು ಹೇಳಲಿಲ್ಲ.

"ಆಮ್ಯಾಲೆ ನಾ ಎಷ್ಟೋ ಮನಿಗೆ ಹೋಗಿ ಸಬರ್ ಮಾಡ್ರಿ ಅಂತ ಹೇಳಿ ಬಂದೇನಿ" ಎಂದರು ಅಪ್ಪ. "ನನ್ನ ಮನಿಯಾಗ ಹೇಳಬೇಕಾದ್ದು ಹೇಳಲಿಲ್ಲ."

ಇದನ್ನೆಲ್ಲ ನಾನು 'ನಾನು' ಎಂದೇ ಹೇಳಿದೆ. ನನ್ನ ಹೆಂಡತಿ ಎಂದೆ, ನನ್ನ ಮಗ ಎಂದೆ. "ಅವ್ವ ಎಲ್ಲಿ" ಎಂಬುದನ್ನು ಮಾತ್ರ ಇಂಗ್ಲಿಷಿಗೆ ತರಲು ನಾಲಿಗೆ ಹೊರಳಲಿಲ್ಲ. ಕನ್ನಡದಲ್ಲೇ ಹೇಳಿದೆ. ಎಲ್ಲರಿಗೂ ತಿಳಿಯಿತು. ಆದರೆ ಅವರು ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಅಪ್ಪನನ್ನೇ ನೋಡುತ್ತಿದ್ದರು. ಫಾದರ್ ಎದ್ದು ಬಂದು ಅಪ್ಪನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಕಿರಿಯ ಭಟ್ಟರು ಕಣ್ಣೊರೆಸಿಕೊಂಡರು. ತುಸು ಹೊತ್ತಿನ ಮೇಲೆ ಫಾದರ್ ಒಂದು ಪ್ರಶ್ನೆ ಮಾತ್ರ ಕೇಳಿದರು. ನಿಮ್ಮ ಹೆಂಡತಿ ಇವತ್ತು ಮನೆಯಲ್ಲಿದ್ದಾರಾ? ಅಪ್ಪ, ಹೂಂ ಎಂದರು.

ಗುಡ್ಡ ಇಳಿದು ಬಸ್ಸು ಹತ್ತಿದೆವು. ಸಿಟ್ಟು ಬಂದಿತ್ತು ನನಗೆ, ಸುಳ್ಳು ಹೇಳುವುದಿಲ್ಲ. ಅವ್ವನಿಗೆ ಸಲ್ಲಬೇಕಾದ ಮಾತನ್ನು ಅವಳಿಗೆ ಗುರುತುಪರಿಚಯವಿಲ್ಲದ ಐದು ಗಂಡಸರು ಅವಳಿಗಿಂತ ಮೊದಲು ಕೇಳಿದ್ದರು, ಅದೂ ನನ್ನ ಬಾಯಿಂದ. ಆದರೆ ಪಕ್ಕದಲ್ಲಿ ಅಪ್ಪ ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಪರೀಕ್ಷೆಗೆ ಹೋಗುವವರ ಹಾಗೆ ಕುಳಿತಿದ್ದರು. ಅವರು ಏನು ಮಾಡಲು ಹೊರಟಿದ್ದಾರೆಂದು ಕಂಡಾಗ ಸಿಟ್ಟು ಇಳಿಯಿತು.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅವ್ವ ಹಿತ್ತಲ ಬಾಗಿಲಲ್ಲಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಅಪ್ಪ ಚಪ್ಪಲಿ ಬಿಟ್ಟವರೇ ಹೋಗಿ ಅವಳೆದುರಿಗೆ ನೆಲದ ಮೇಲೆ ಕುಳಿತರು. ನಾನು ಒಳಗಿನ ಕೋಣೆಯಲ್ಲಿ ನಿಂತುಬಿಟ್ಟೆ. ಅಪ್ಪ ಸುತ್ತಿಬಳಸಲಿಲ್ಲ. ಅಂವ ಕೊನಿಗೆ ಏನಂದ ಅಂತ ನೀ ಕೇಳಿದ್ದಿ, ನಾ ಸುಳ್ಳು ಹೇಳಿದ್ನಿ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು.

ಅವ್ವನ ಕೈ ನಿಂತಿತು. "ನನ್ನ ಕೇಳಿದ್ನೇನ್ರಿ?"

"ಹೂಂ. ಅವ್ವ ಎಲ್ಲಿ ಅಂದ."

"ಇಷ್ಟು ವರ್ಷ ನಾ ಏನ್ ತಿಳ್ಕೊಂಡಿದ್ನಿ ಗೊತ್ತೈತೇನು? ನೀರಿಗೆ ಹೋದ ಅವ್ವನ ಮ್ಯಾಲೆ ಸಿಟ್ಟಾಗಿ ಹೋದ ಅಂತ ತಿಳ್ಕೊಂಡಿದ್ನಿ." ಅವಳು ಅಳುತ್ತಿದ್ದಳು, ಆದರೆ ಮುಖದಲ್ಲಿ ನಾನು ಎಂದೂ ನೋಡದಿದ್ದ ಒಂದು ಬೆಳಕಿತ್ತು. "ನನ್ನ ಕೇಳಿದ್ನಾ" ಎಂದು ಮತ್ತೆ ಅಂದಳು. ಆಮೇಲೆ ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, "ಇದನ್ನ ಹೇಳಾಕ ನಿಮಗ ಪಾದ್ರಿಗೋಳ ಸಾಲಿಗೆ ಹೋಗಬೇಕಾತೇನ್ರಿ?" ಎಂದು ಕೇಳಿದಳು.

ಅಪ್ಪ ಅದಕ್ಕೆ ಹೌದು ಎಂದರು.

ಅಂದು ನಮ್ಮ ಮನೆಯಲ್ಲಿ ತಮ್ಮನ ಹೆಸರು ಎಷ್ಟೋ ವರ್ಷಗಳ ಮೇಲೆ ಕೇಳಿಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವ್ವನ ಪಾಲಿನದು. ಸಂಜೆಯ ಆಜಾನ್ ಆಗುವವರೆಗೂ ಇಬ್ಬರೂ ಅಲ್ಲೇ ಕುಳಿತಿದ್ದರು. ಅಪ್ಪ ನಮಾಜಿಗೆ ಓಡುತ್ತ ಹೋದದ್ದನ್ನು ನಾನು ಅಂದೇ ನೋಡಿದ್ದು.

ಆ ಮೇಲೆ ಅಪ್ಪನ ರೀತಿ ಬದಲಾಯಿತು. ಯಾರ ಮನೆಯಲ್ಲಿ ಸಾವಾದರೂ ಜನಾಜಾ ಮುಗಿಸಿ ಕೈತೊಳೆದು ಬರುವುದನ್ನು ಬಿಟ್ಟರು. ಮೂರನೇ ದಿನವೂ ಹೋಗುತ್ತಾರೆ, ಹತ್ತನೇ ದಿನವೂ ಹೋಗುತ್ತಾರೆ, ತಿಂಗಳಾದ ಮೇಲೂ ಹೋಗುತ್ತಾರೆ. ಅವ್ವನನ್ನು ಕರೆದುಕೊಂಡು ಹೋಗುತ್ತಾರೆ. ಅಪ್ಪ ಹೊರಗೆ ಗಂಡಸರ ಜೊತೆ, ಅವ್ವ ಒಳಗೆ ಹೆಂಗಸರ ಜೊತೆ. ಕುಡಚಡೆಯಲ್ಲಿ ಡ್ರೈವರೊಬ್ಬರು ತೀರಿಕೊಂಡಾಗ ಅವರ ಹೆಂಡತಿ ನಲವತ್ತು ದಿನ ಯಾರ ಹತ್ತಿರವೂ ಮಾತಾಡಿರಲಿಲ್ಲವಂತೆ. ಅವ್ವನ ಹತ್ತಿರ ಮಾತಾಡಿದರು. ಅವ್ವಾ, ಏನು ಹೇಳಿದಿ ಎಂದು ನಾನು ಕೇಳಿದರೆ, ನಾ ಏನೂ ಹೇಳಲಿಲ್ಲವ್ವಾ, ಆಕಿನೇ ಹೇಳಿದಳು ಎಂದಳು. ಫಾದರ್ ವಾರವಾರವೂ ಹೆಣಗಿ ಕಲಿಸುತ್ತಿದ್ದುದನ್ನು ಅವಳು ತರಗತಿಗೆ ಹೋಗದೆಯೇ ಮಾಡುತ್ತಿದ್ದಳು. ಇದನ್ನು ಅಪ್ಪನೇ ಒಂದು ಶನಿವಾರ ಫಾದರ್‌ಗೆ ಹೇಳಿದರು. ಭಾಷಾಂತರ ಮಾಡುವಾಗ ನನ್ನ ದನಿ ಸ್ವಲ್ಪ ಹೆಚ್ಚೇ ಗಟ್ಟಿಯಾಗಿತ್ತು.

ವರ್ಷದ ಕೊನೆಗೆ ಪ್ರಮಾಣಪತ್ರ ಕೊಟ್ಟರು. ಅವ್ವ ಹೊಸ ಬುರ್ಖಾ ಹಾಕಿಕೊಂಡು ಮೊದಲ ಸಾಲಿನಲ್ಲಿ ಕುಳಿತಿದ್ದಳು. ಕಮಿಟಿಯ ಆ ಹಿರಿಯರು ಕೂಡ ಬಂದಿದ್ದರು, ಸೆಮಿನರಿಯ ಅಂಗಳದಲ್ಲಿ ಅಪ್ಪನನ್ನು ನಿಲ್ಲಿಸಿ ತಮ್ಮ ಫೋನಿನಲ್ಲಿ ಎಷ್ಟೋ ಫೋಟೋ ತೆಗೆದರು. ಅಂದೇ ಫಾದರ್ ಅಪ್ಪನಿಗೆ ಒಂದು ಕೆಲಸ ಹೇಳಿದರು. ಮುಂದಿನ ವರ್ಷ ನಮ್ಮ ಹುಡುಗರಿಗೆ ನೀವು ಬಂದು ಪಾಠ ಮಾಡಬೇಕು, ಮುಸಲ್ಮಾನರ ಸಾವಿನ ಮನೆಗೆ ಪಾದ್ರಿಯೊಬ್ಬ ಹೋದರೆ ಹೇಗೆ ನಡೆದುಕೊಳ್ಳಬೇಕು ಎಂದು. ಅಪ್ಪ ಕೂಡಲೇ ಒಪ್ಪಲಿಲ್ಲ. ನಾನೊಬ್ಬನೇ ಬಂದರೆ ಅರ್ಧ ಪಾಠ ಆಗುತ್ತದೆ ಎಂದರು. ಫಾದರ್‌ಗೆ ಅರ್ಥವಾಯಿತು, ಅವ್ವನನ್ನೂ ಕರೆದರು.

ಆ ಪಾಠದ ದಿನ ಸಭಾಂಗಣದಲ್ಲಿ ಬಿಳಿ ನಿಲುವಂಗಿಯ ಸುಮಾರು ಮೂವತ್ತು ಜನ ಯುವಕರಿದ್ದರು. ಅಪ್ಪ ಸ್ನಾನ ಮಾಡಿಸುವುದು, ಕಫನ್ನಿನ ಬಟ್ಟೆ ಸುತ್ತುವುದು, ಜನಾಜಾ, ದಫನ್ನು ಮಾಡಿ ಮಣ್ಣು ಕೊಡುವುದು ಎಲ್ಲವನ್ನೂ ವಿವರಿಸಿದರು. ಆಮೇಲೆ ಅವ್ವ ಎದ್ದಳು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಜನಾಜಾ ಎತ್ತಿದ ಮ್ಯಾಲೆ ಗಂಡಸರೆಲ್ಲಾ ಅದರ ಹಿಂದ ಹೋಗ್ತಾರ. ಮನಿಯಾಗ ಉಳಿಯೂದು ನಾವು. ಆ ಒಂದು ತಾಸು ಭಾಳ ಕೆಟ್ಟದ್ದು. ಅವಾಗ ನಿಮ್ಮ ಸಿಸ್ಟರ್‌ಗೋಳನ್ನ ಕಳಸ್ರಿ. ಏನೂ ಹೇಳೂದು ಬ್ಯಾಡ. ಬಂದು ಕುಂದರಲಿ. ಹೋದವರು ಏನೇನು ಅಂತಿದ್ರು ಅಂತ ಕೇಳಲಿ."

ನಾನು ಅದನ್ನು ಇಂಗ್ಲಿಷಿಗೆ ತರುತ್ತಿದ್ದಂತೆ ಮೂವತ್ತೂ ಜನ ಬಗ್ಗಿ ಬರೆದುಕೊಂಡರು. ಅವ್ವ ನನ್ನ ಕಡೆ ತಿರುಗಿ, ಇವರು ಯಾಕ ಬರ್ಕೊಳ್ಳಾಕತ್ತಾರ ಎಂದು ಮೆಲ್ಲಗೆ ಕೇಳಿದಳು. ನೀ ಹೇಳಿದ್ದು ಅವರಿಗೆ ಪರೀಕ್ಷೆಗೆ ಬರುತ್ತದೆ ಎಂದೆ. ಅವಳು ನಂಬಲಿಲ್ಲ. ಒಬ್ಬ ಹುಡುಗ ಎದ್ದು ನಿಂತು ಆ ಮನೆಗೆ ಏನು ತರಬೇಕು ಎಂದು ಕೇಳಿದ. ಅನ್ನ ಸಾರು ತರ್ರಿ, ಹೂವು ಬ್ಯಾಡ ಎಂದಳು. ಅದನ್ನೂ ಬರೆದುಕೊಂಡರು.

ಈಗ ಇಬ್ಬರೂ ವರ್ಷಕ್ಕೆ ನಾಲ್ಕಾರು ಸಲ ಹೋಗುತ್ತಾರೆ. ಬೆಳಗಾವಿ ಕಡೆಯಿಂದ ಬಂದ ಒಬ್ಬ ಸೆಮಿನರಿ ವಿದ್ಯಾರ್ಥಿಗೆ ಕನ್ನಡ ಬರುವುದರಿಂದ ನಾನು ಬೇಕಾಗುವುದಿಲ್ಲ. ಹಾಗಾಗಿ ಶನಿವಾರ ಮನೆಯಲ್ಲಿ ಕುಳಿತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತೇನೆ. ಮೊನ್ನೆ ಶಾಲೆಗೆ ಹೊಸದಾಗಿ ಬಂದ ಟೀಚರೊಬ್ಬರು ಊಟದ ಹೊತ್ತಿನಲ್ಲಿ, ನಿಮ್ಮ ಅಪ್ಪ ಅಮ್ಮ ಏನು ಮಾಡುತ್ತಾರೆ ಎಂದು ಕೇಳಿದರು. ಇಬ್ಬರೂ ಸೆಮಿನರಿಯಲ್ಲಿ ಪಾಠ ಮಾಡುತ್ತಾರೆ ಎಂದೆ. ಅವರು ನನ್ನ ತಲೆಯ ಮೇಲಿನ ದುಪಟ್ಟಾ ನೋಡಿದರು, ಏನೋ ಕೇಳಬೇಕೆಂದು ಬಾಯಿ ತೆರೆದರು. ನಾನು ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟು, ಮೊದಲಿನಿಂದ ಹೇಳತೊಡಗಿದೆ.